ಸೊಟ್ಟ ಬೆರಳಿನ ಮಾಷ್ಟ್ರು

ಮಾಷ್ಟ್ರ ಬಲಗೈಯ ತೋರುಬೆರಳು ನಡುಗಂಟಿನಿಂದ ಮೇಲೆ ಎಡಕ್ಕೆ ಸೊಟ್ಟಗಾಗಿತ್ತು. ಸಣ್ಣವರಿದ್ದಾಗ ಬಾಗಿಲ ಸಂದಿಗೆ ಸಿಕ್ಕಿದ್ದಂತೆ. ಆ ಬೆರಳಿನಿಂದ ಏನು ತೋರಿಸಿದರೂ ಅದರ ಪಕ್ಕದ್ದನ್ನು ತೋರಿಸಿದ ಹಾಗೆ ಕಾಣುತ್ತಿತ್ತು. ಶಾಲೆಗೆ ಹೋದ ಮೊದಲ ದಿನ "ಅಲ್ಲಿ ಕೂತುಕೊಳ್ಳಿ ಅಮ್ಮ" ಎಂದು ಕುರ್ಚಿ ತೋರಿಸಿದರೆ, ನಾನು ಮಗುವನ್ನೆತ್ತಿಕೊಂಡು ಕಸದ ಬುಟ್ಟಿಯ ಹತ್ತಿರ ಹೋಗಿ ನಿಂತಿದ್ದೆ. ಇವತ್ತು ನನ್ನ ಮೊಮ್ಮಗಳು ತನಗೆ ಬೇಕಾದ್ದನ್ನು ತಾನೇ ಹೇಳುತ್ತಾಳೆ. ಅದಕ್ಕೆ ಆ ಸೊಟ್ಟ ಬೆರಳೇ ಕಾರಣ. ಈ ಸಂತೋಷವನ್ನು ಯಾರಿಗಾದರೂ ಹೇಳದಿದ್ದರೆ ನನ್ನ ಎದೆ ಒಡೆದು ಹೋದೀತು.

ನಾನು ಎರ್ಮಾಳಿನವಳು. ಮಲ್ಪೆಯಿಂದ ಮೀನು ತಂದು ಕಾಪು ಪೇಟೆಯಲ್ಲಿ ಮಾರಿ ಬದುಕಿದವಳು. ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ನಾನು ಬಾಯಿ ತೆರೆದರೆ ಬಸ್ ನಿಲ್ಲುವ ಜಾಗದವರೆಗೂ ಕೇಳುತ್ತದೆ ಎಂದು ಪೇಟೆಯವರು ತಮಾಷೆ ಮಾಡುತ್ತಿದ್ದರು. ಅಂಥವಳ ಮನೆಯಲ್ಲಿ ಮಾತಿಲ್ಲದ ಮಗು ಹುಟ್ಟಿತು, ನನ್ನ ಮಗಳ ಮಗಳು ಚಿನ್ನು. ಹುಟ್ಟುವಾಗ ಅವಳಿಗೆ ಉಸಿರು ತಡವಾಗಿ ಬಂತು. ಅವಳಿಗೆ ಎಲ್ಲವೂ ಅರ್ಥವಾಗುತ್ತದೆ, ನಾಲಗೆ ಮತ್ತು ಕೈ ಮಾತ್ರ ಹೇಳಿದ್ದು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಅಪ್ಪ ಗಲ್ಫಿನಲ್ಲಿ, ಅಮ್ಮ ಉಡುಪಿಯ ಬಟ್ಟೆ ಅಂಗಡಿಯಲ್ಲಿ. ಮಗುವಿನ ಹತ್ತಿರ ಇರುವವಳು ನಾನು. ಅವಳು ಅತ್ತರೆ ಹಸಿವೆಯಾ, ಇರುವೆ ಕಚ್ಚಿತಾ, ಹೊಟ್ಟೆನೋವಾ ಎಂದು ಊಹಿಸುವುದೇ ನನ್ನ ಕೆಲಸ. ನನ್ನ ಊಹೆ ತಪ್ಪಿದರೆ? ನಾನೇ ಇಲ್ಲದಿದ್ದರೆ? ಈ ಹೆದರಿಕೆ ನನ್ನ ಜೊತೆಗೇ ಏಳುತ್ತಿತ್ತು, ಜೊತೆಗೇ ಮಲಗುತ್ತಿತ್ತು.

ಮಣಿಪಾಲದ ಹತ್ತಿರ ಇಂಥ ಮಕ್ಕಳಿಗೆಂದೇ ಇರುವ ಸಣ್ಣ ಶಾಲೆಯಲ್ಲಿ ಮಾಷ್ಟ್ರು ಸಿಕ್ಕಿದರು. ಕಾರ್ಕಳದ ಪುರೋಹಿತರ ಮನೆಯವರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ಬಸ್ಸಿನಲ್ಲಿ ಬಂದು ಇಲ್ಲಿ ಕಲಿಸುತ್ತಿದ್ದರು. ನನ್ನ ಅಳಿಯ ಗಲ್ಫಿನಿಂದ ಕಳಿಸಿದ ಟ್ಯಾಬಿನಲ್ಲಿ ಅವರು ಚಿನ್ನುವಿಗಾಗಿ ಚಿತ್ರದ ಪುಟಗಳನ್ನು ಮಾಡಿಕೊಟ್ಟರು. ಅದಕ್ಕೆ ಸ್ಲೈಡ್ ಎನ್ನುತ್ತಾರಂತೆ. ಲೋಟದ ಚಿತ್ರ ಒತ್ತಿದರೆ ಬೇರೊಂದು ಸ್ಲೈಡ್ ತೆರೆದು, ನೀರು ಬೇಕು ಎಂದು ಟ್ಯಾಬೇ ಹೇಳುತ್ತದೆ.

ಆದರೆ ಮೊದಲ ಸಲ ಅದು ತೆರೆದಾಗ ಆದದ್ದೇ ಬೇರೆ. ಲೋಟ ತಿರುಗುತ್ತಾ ಬಂತು, ತಟ್ಟೆ ಮೇಲಿನಿಂದ ಬಿತ್ತು, ಚಾಪೆ ಎಲ್ಲಿಂದಲೋ ಹಾರಿ ಬಂತು, ಪ್ರತಿಯೊಂದಕ್ಕೂ ಟಣ್ ಟಣ್ ಸದ್ದು. ಚಿನ್ನು ಕಿರುಚಿ ನನ್ನ ಸೆರಗಿನೊಳಗೆ ಮುಖ ಹುಗಿದಳು. ನಿಜ ಹೇಳಿದರೆ ನನಗೂ ಹೆದರಿಕೆಯಾಯಿತು.

ಮಾಷ್ಟ್ರ ಮುಖ ಸಣ್ಣದಾಯಿತು. "ಹೈಸ್ಕೂಲಿನ ಮಕ್ಕಳನ್ನು ನಿದ್ದೆಯಿಂದ ಎಬ್ಬಿಸಲಿಕ್ಕೆ ಕಲಿತ ವಿದ್ಯೆ ಅಮ್ಮ ಇದು. ಇಲ್ಲಿ ಯಾರೂ ನಿದ್ದೆ ಮಾಡ್ತಾ ಇಲ್ಲ" ಎಂದು ಕೂತಲ್ಲೇ ಕುಣಿತವನ್ನೆಲ್ಲ ತೆಗೆದುಹಾಕಿದರು. ಚಿತ್ರ ಸುಮ್ಮನೆ ಬರಬೇಕು, ಬಂದದ್ದು ನಿಲ್ಲಬೇಕು. ಆಮೇಲೆ ಅವರು ಮಾಡಿದ ಸ್ಲೈಡುಗಳಲ್ಲಿ ಒಂದು ಚಿತ್ರವೂ ಅಲ್ಲಾಡಿದ್ದನ್ನು ನಾನು ಕಾಣೆ.

ಇನ್ನೊಂದು ತೊಂದರೆ ಮನೆಯಲ್ಲಿ ಗೊತ್ತಾಯಿತು. ಚಿನ್ನು ಲೋಟಕ್ಕೆ ಕೈ ಹಾಕಿದರೆ ಟ್ಯಾಬು ಕಕ್ಕಸಿಗೆ ಹೋಗಬೇಕು ಎನ್ನುತ್ತಿತ್ತು. ನಾನು ಎತ್ತಿಕೊಂಡು ಓಡುತ್ತಿದ್ದೆ, ಅವಳು ಬಾಯಾರಿ ಅಳುತ್ತಿದ್ದಳು. "ಮಾಷ್ಟ್ರೇ, ನಿಮ್ಮ ಯಂತ್ರ ಸುಳ್ಳು ಹೇಳ್ತದೆ" ಎಂದು ನಾನು ಶಾಲೆಯಲ್ಲಿ ಗದ್ದಲ ಮಾಡಿದೆ. ಅವರು ತಮ್ಮ ಸೊಟ್ಟ ಬೆರಳಿನಿಂದ ಲೋಟ ಒತ್ತಿದರು. ಬೆರಳು ಜಾರಿ ಪಕ್ಕಕ್ಕೆ ಬಿತ್ತು. ಟ್ಯಾಬು ಕಕ್ಕಸಿಗೆ ಹೊರಟಿತು.

"ಎಲಾ! ನನ್ನನ್ನೂ ಅಲ್ಲಿಗೇ ಕಳಿಸ್ತದಲ್ಲ ಮಾರಾಯ್ರೆ!" ಎಂದು ನಕ್ಕುಬಿಟ್ಟರು. ಆಮೇಲೆ ನನಗೆ ಅರ್ಥವಾಗುವ ಹಾಗೆ ಹೇಳಿದರು. ಸ್ಲೈಡಿನ ಖಾಲಿ ಜಾಗ ಮುಟ್ಟಿದರೂ ಮುಂದಿನದಕ್ಕೆ ಹಾರುವುದು ಅದರ ಹುಟ್ಟುಗುಣವಂತೆ, ಮುಂದಿನದು ಕಕ್ಕಸಿನದ್ದು. ಅದನ್ನು ಬಂದ್ ಮಾಡಬೇಕು. "ಚಿತ್ರದ ಮೇಲೆ ಬಿದ್ದರೆ ಮಾತ್ರ ಹೋಗಬೇಕು. ಹೊರಗೆ ಬಿದ್ದರೆ ಕಲ್ಲಿನ ಹಾಗೆ ಕೂತಿರಬೇಕು." ಚಿತ್ರಗಳನ್ನು ದೊಡ್ಡದು ಮಾಡಿದರು, ನಡುವೆ ಅಗಲ ಬಿಟ್ಟರು. ಅಂದಿನಿಂದ ಪ್ರತಿ ಸ್ಲೈಡಿಗೂ ಆ ಬೆರಳಿನಿಂದಲೇ ಪರೀಕ್ಷೆ. "ನನ್ನ ಬೆರಳು ಪಾಸಾದರೆ ಅವಳದ್ದೂ ಪಾಸು."

ಎಲ್ಲ ಸ್ಲೈಡಿನ ಕೆಳಗೆ ಒಂದೇ ಮೂಲೆಯಲ್ಲಿ ನಮ್ಮ ಮನೆಯ ಬಾಗಿಲಿನ ಚಿತ್ರ ಇಟ್ಟರು. ಅದನ್ನು ಒತ್ತಿದರೆ ಎಲ್ಲಿದ್ದರೂ ಮೊದಲ ಪುಟಕ್ಕೆ ಬರಬಹುದು. ಅದರ ಫೋಟೊ ತೆಗೆಯಲಿಕ್ಕೆ ಅವರೇ ಎರ್ಮಾಳಿಗೆ ಬಂದಿದ್ದರು. ಅವತ್ತೇ ನಾನು ಕೇಳಿದೆ: "ಮಾಷ್ಟ್ರೇ, ಇದರಲ್ಲಿ ಮೀನು ಅಂತ ಒಂದು ಹಾಕಿದ್ದೀರಲ್ಲ, ಕೆಂಪು ತುಟಿಯದ್ದು. ಇದು ಯಾವ ಸಮುದ್ರದ್ದು? ನಮ್ಮ ಮಗು ಇದನ್ನು ಮೀನು ಅಂತ ಒಪ್ಪುವುದಿಲ್ಲ." ಪಾಪ, ಜನ್ಮದಲ್ಲೇ ಮೀನು ಮುಟ್ಟದವರು. ಮೂಗಿಗೆ ಪಂಚೆಯ ತುದಿ ಹಿಡಿದುಕೊಂಡು ನನ್ನ ಬುಟ್ಟಿಯೊಳಗೆ ಬಗ್ಗಿ ಬಂಗುಡೆಯದ್ದೊಂದು, ಬೂತಾಯಿಯದ್ದೊಂದು ಫೋಟೊ ತೆಗೆದರು. "ಇದು ನಮ್ಮ ಮನೆಯಲ್ಲಿ ಗೊತ್ತಾಗಬಾರದು" ಎಂದು ಕಣ್ಣು ಹೊಡೆದರು.

ಟ್ಯಾಬಿನ ಮಾತುಗಳಿಗೆ ಅಲ್ಲಿಯವರೆಗೆ ಮಾಷ್ಟ್ರದ್ದೇ ಸ್ವರ ಇತ್ತು. ಅದರ ಬದಲು ನನ್ನ ಸ್ವರ ಕೊಡುತ್ತೇನೆ ಎಂದೆ. ಬೇಡವೇ ಬೇಡ ಎಂದರು. "ಸಣ್ಣ ಹುಡುಗಿಗೆ ಸಣ್ಣ ಹುಡುಗಿಯ ಸ್ವರವೇ ಆಗಬೇಕು." ಚಿನ್ನುವಿನದೇ ಪ್ರಾಯದ ತಮ್ಮ ಮೊಮ್ಮಗಳಿಂದ ಒಂದೊಂದೇ ಮಾತನ್ನು ತುಳುವಿನಲ್ಲಿ ಹೇಳಿಸಿ ಸೇರಿಸಿದರು. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಹೇಳುತ್ತಿದ್ದೇನೆ.

ಅವರು ಅತಿ ಹೆಚ್ಚು ಗದರಿದ್ದು ನನ್ನನ್ನೇ. ಚಿನ್ನುವಿನ ಕೈ ನಡುಗುತ್ತಾ ಹೋಗುವುದನ್ನು ನೋಡಲಾಗದೆ ನಾನೇ ಒತ್ತಿಬಿಡುತ್ತಿದ್ದೆ. "ನೀವು ಒತ್ತಿದರೆ ಅದು ನಿಮ್ಮ ಮಾತು ಅಮ್ಮ. ನಿಮಗೆ ಮಾತಿಗೆ ಎಂತ ಬರಗಾಲ? ಕೈ ಎರಡೂ ಬೆನ್ನ ಹಿಂದೆ ಕಟ್ಟಿ." ನಾನು ಕಟ್ಟಿ ನಿಂತೆ, ಬಾಯಿಯನ್ನು ಮಾತ್ರ ಕಟ್ಟಲಿಲ್ಲ. "ಇದು ಒತ್ತು ಮಗಾ, ಅದು ಒತ್ತು" ಎನ್ನುತ್ತಲೇ ಇದ್ದೆ. ಆ ಪುಟ್ಟ ಕೈ ಹೋಗಿ ಹೋಗಿ ಒಂದು ಚಿತ್ರದ ಮೇಲೆ ಬಿತ್ತು. "ಸಾಕು" ಎಂದಿತು ಟ್ಯಾಬು. ನನ್ನ ಮೊಮ್ಮಗಳು ನನಗೆ ಹೇಳಿದ ಮೊದಲ ಮಾತು ಅದು! ಮಾಷ್ಟ್ರು ಬಿದ್ದು ಬಿದ್ದು ನಕ್ಕರು. ನಾನು ಕಾಪು ಪೇಟೆಯಿಡೀ ಹೇಳಿಕೊಂಡು ಬಂದೆ, ನನ್ನ ಮೊಮ್ಮಗಳು ನನ್ನ ಬಾಯಿ ಮುಚ್ಚಿಸಿದಳು ಎಂದು.

ಮಳೆಗಾಲ ಬಂತು. ಮೀನು ಹಿಡಿಯುವುದು ನಿಂತು ಬೋಟುಗಳು ದಡದಲ್ಲಿದ್ದವು, ನಾನು ಮನೆಯಲ್ಲಿದ್ದೆ. ಒಂದು ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಚಿನ್ನು ಅಳಲಿಕ್ಕೆ ಶುರು ಮಾಡಿದಳು. ಅಂಥ ಅಳುವನ್ನು ನಾನು ಕೇಳಿರಲಿಲ್ಲ. ತಲೆಯನ್ನು ದಿಂಬಿಗೆ ಬಡಿಯುತ್ತಿದ್ದಳು, ಕೈ ಕಿವಿಯ ಹತ್ತಿರ ಹೋಗುತ್ತಿತ್ತು. ಹಿಂದೊಮ್ಮೆ ಕಿವಿ ಸೋರಿತ್ತು. ಕಿವಿಯೇ ಎಂದು ನಿರ್ಧರಿಸಿ ತೆಂಗಿನೆಣ್ಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಬಿಸಿಗಿಟ್ಟೆ. ನಮ್ಮಲ್ಲಿ ಕಿವಿನೋವಿಗೆ ಎಲ್ಲರೂ ಮಾಡುವುದು ಅದನ್ನೇ. ಎಣ್ಣೆ ಉಗುರುಬೆಚ್ಚಗಾಗುವಷ್ಟರಲ್ಲಿ ಅವಳು ವಾಂತಿ ಮಾಡಿದಳು.

ಟ್ಯಾಬು ತಂದು ಮುಂದೆ ಹಿಡಿದೆ. ನೋವು ಎನ್ನುವ ಚಿತ್ರಕ್ಕೆ ಅವಳ ಕೈ ಹೊರಟಿತು, ಪಕ್ಕಕ್ಕೆ ಬಿತ್ತು. ಟ್ಯಾಬು ಅಲ್ಲಾಡಲಿಲ್ಲ. ಮತ್ತೆ ಹೊರಟಿತು, ಮತ್ತೆ ಪಕ್ಕಕ್ಕೆ. ನಾನೇ ಕಿವಿಯ ಪುಟಕ್ಕೆ ಕರೆದುಕೊಂಡು ಹೋಗಲಾ ಎಂದು ಬೆರಳು ಮುಂದೆ ಬಂದೇಬಿಟ್ಟಿತ್ತು. ಟ್ಯಾಬನ್ನು ದಿಂಬಿಗೆ ಒರಗಿಸಿ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಂಡೆ. ಒಲೆಯ ಮೇಲೆ ಬೆಳ್ಳುಳ್ಳಿ ಕರಟುವ ವಾಸನೆ ಬರುತ್ತಿತ್ತು. ದೇವರೇ, ಕಾಯುವಷ್ಟು ಹೆದರಿಕೆಯ ಕೆಲಸ ಬೇರೆ ಇಲ್ಲ.

ಕೈ ಚಿತ್ರದ ಮೇಲೆ ಬಿತ್ತು. ಹುಡುಗಿಯ ಮೈಯ ಚಿತ್ರ ಬಂತು. ಅವಳು ಕಿವಿಯ ಹತ್ತಿರವೂ ಹೋಗಲಿಲ್ಲ. ಹೊಟ್ಟೆಯ ಕೆಳಗೆ, ಬಲಕ್ಕೆ ಒತ್ತಿದಳು. ಅಲ್ಲಿ ಒಂದು ಕೆಂಪು ವೃತ್ತ ಸದ್ದಿಲ್ಲದೆ ಬಂದು ನಿಂತಿತು. "ಇಲ್ಲಿ ನೋವು" ಎಂದಿತು ಆ ಕಾರ್ಕಳದ ಹುಡುಗಿಯ ಸ್ವರ.

ರಿಕ್ಷಾದಲ್ಲಿ ಉಡುಪಿಯ ಆಸ್ಪತ್ರೆ ಮುಟ್ಟುವವರೆಗೆ ನಾನು ಹೊರದ ಹರಕೆ ಇಲ್ಲ. ಡಾಕ್ಟರಮ್ಮ ಟ್ಯಾಬಿನ ಕೆಂಪು ವೃತ್ತವನ್ನು ನೋಡಿ, ಮಗುವಿನ ಹೊಟ್ಟೆಯ ಅದೇ ಜಾಗವನ್ನು ಮೆಲ್ಲಗೆ ಒತ್ತಿದರು. ಅಪೆಂಡಿಕ್ಸ್. ಅವತ್ತೇ ಆಪರೇಷನ್ ಆಯಿತು. ಇನ್ನೂ ತಡವಾಗಿದ್ದರೆ ಒಳಗೇ ಒಡೆಯುತ್ತಿತ್ತು ಎಂದರು.

ಮಾಷ್ಟ್ರು ಕಾರ್ಕಳದಿಂದ ಓಡಿ ಬಂದಿದ್ದರು. ನಾನು ಕಾಲಿಗೆ ಬೀಳಲು ಹೋದರೆ ಹಿಂದೆ ಸರಿದರು. "ಕೈ ಕಟ್ಟಿದ್ದಿರಾ ಅಮ್ಮ?"

"ಕಟ್ಟಿದ್ದೆ ಮಾಷ್ಟ್ರೇ. ನಡುಗ್ತಾ ಇತ್ತು."

"ನಡುಗಲಿ. ಕಟ್ಟಿದ್ದಿರಲ್ಲ" ಎಂದು ಕಣ್ಣೊರೆಸಿಕೊಂಡರು.

ದೀಪಾವಳಿಗೆ ಮೊದಲೇ ಅವರು ಹೋಗಿಬಿಟ್ಟರು. ಊಟ ಮಾಡಿ ಜಗಲಿಯಲ್ಲಿ ಒರಗಿದವರು ಏಳಲಿಲ್ಲವಂತೆ. ಅಲ್ಲಿಂದ ನನಗೆ ಹೊಸ ಹೆದರಿಕೆ ಹಿಡಿಯಿತು. ಟ್ಯಾಬಿನಲ್ಲಿ ನಮ್ಮೆಲ್ಲರ ಜೊತೆಗೆ ಮಾಷ್ಟ್ರ ಫೋಟೊ ಕೂಡ ಉಂಟು. ಚಿನ್ನು ದಿನವೂ ಅದನ್ನು ಒತ್ತುತ್ತಿದ್ದಳು. ಅವಳಿಗೆ ಎಂತ ಹೇಳುವುದು? "ಆ ಫೋಟೊ ಅಳಿಸಿಬಿಡುವ ಅಮ್ಮ, ಮರೀತಾಳೆ" ಎಂದಳು ಮಗಳು. ಆಗಲಿ ಎನ್ನಲಿಕ್ಕೂ ಧೈರ್ಯವಿಲ್ಲ, ಬೇಡ ಎನ್ನಲಿಕ್ಕೂ ಇಲ್ಲ. ಕೊನೆಗೆ ಮಗುವನ್ನೆತ್ತಿಕೊಂಡು ಕಾರ್ಕಳದ ಬಸ್ಸು ಹತ್ತಿದೆ.

ಅವರ ಮನೆಯ ಗೋಡೆಯಲ್ಲಿ ಹಾರ ಹಾಕಿದ ಮಾಷ್ಟ್ರ ಫೋಟೊ. ಚಿನ್ನು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ಕೈ ಟ್ಯಾಬಿನ ಕಡೆಗೆ ಹೊರಟಿತು. ಜಾರಿತು, ಪಕ್ಕಕ್ಕೆ ಬಿತ್ತು, ಮತ್ತೆ ಹೊರಟಿತು. ಮಾಷ್ಟ್ರ ಹೆಂಡತಿ ಸಹಾಯಕ್ಕೆಂದು ಮುಂದೆ ಬಂದರು. "ಬೇಡ ಅಮ್ಮ, ಅವಳೇ ಒತ್ತಬೇಕು" ಎಂದೆ. ನನ್ನ ಕೈಗಳು ಬೆನ್ನ ಹಿಂದೆ ಇದ್ದವು.

"ಮಾಷ್ಟ್ರು ಬೇಕು" ಎಂದಿತು ಟ್ಯಾಬು.

ಬಾಗಿಲ ಹಿಂದೆ ನಿಂತಿದ್ದ ಅವರ ಮೊಮ್ಮಗಳು ತನ್ನದೇ ಸ್ವರ ಕೇಳಿ ಈಚೆ ಬಂದಳು. ಚಿನ್ನುವಿನ ಪಕ್ಕ ನೆಲದ ಮೇಲೆ ಕೂತು, ಅದೇ ಸ್ವರದಲ್ಲಿ, "ನನಗೂ" ಎಂದಳು.