ಗೇರ್ ಬಾಕ್ಸಿಗೆ ಎಂಜಿನ್ ಎಣ್ಣೆ

ಆಗೆಲ್ಲ ಹೆಬ್ಬಾಳಕ್ಕೆ ಒಂದು ಕಾರು ಬಂದರೆ ಅದರ ಸದ್ದಿನಿಂದಲೇ ಅದು ಯಾರದೆಂದು ಹೇಳುತ್ತಿದ್ದೆವು. ಬಳ್ಳಾರಿ ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟ, ನಡುವೆ ಅಪ್ಪನ ತಗಡಿನ ಶೆಡ್ಡು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು, ನಾನು ನಾಲ್ಕನೇ ಕ್ಲಾಸಿನಲ್ಲಿದ್ದೆ. ತಾತ ಹೊಲ ಉತ್ತವರು. ಅಪ್ಪ ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಕೆಳಗೆ ಮಲಗಿ ರಿಪೇರಿ ಕಲಿತು ಬಂದವರು. ಇಂಗ್ಲಿಷ್ ಓದಲು ಅವರಿಗೆ ಬರುತ್ತಿರಲಿಲ್ಲ. ಆದರೆ ಎಣ್ಣೆಯನ್ನು ಬೆರಳಿನಲ್ಲಿ ಉಜ್ಜಿ, ಮೂಸಿ, ಅದು ಎಂಥದ್ದೆಂದು ಹೇಳಿಬಿಡುತ್ತಿದ್ದರು. ಎಂಜಿನ್ನಿಗೆ ಬೇಸಿಗೆಯಲ್ಲಿ ನಲವತ್ತನೇ ನಂಬರಿನ ಮಂದ ಎಣ್ಣೆ, ಚಳಿಯಲ್ಲಿ ಮೂವತ್ತರ ತೆಳು ಎಣ್ಣೆ ಎಂದು ನನಗೂ ಬಾಯಿಪಾಠವಾಗಿತ್ತು.

ಶೆಡ್ಡಿಗೆ ಬರುತ್ತಿದ್ದ ಕಾರುಗಳಲ್ಲಿ ನನ್ನ ಕಣ್ಣು ಲೀಲಮ್ಮನವರ ಹಸಿರು ಕಾರಿನ ಮೇಲೆ. ಎರಡೇ ಸೀಟು, ಮೇಲೆ ಬಟ್ಟೆಯ ಚಾವಣಿ, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಊರಿಗೆ ಹೊರಟ ಇಂಗ್ಲಿಷಿನವನೊಬ್ಬನಿಂದ ಕೊಂಡದ್ದು. ಗಂಗಾನಗರದ ಕಡೆಯ ಬಂಗಲೆಯಿಂದ ಅವರೇ ಓಡಿಸಿಕೊಂಡು ಬರುತ್ತಿದ್ದರು. ರಸ್ತೆಯಲ್ಲಿ ಜನ ನಿಂತು ನೋಡಿದರೆ ಇನ್ನೂ ಜೋರಾಗಿ ಹೋಗುತ್ತಿದ್ದರು. ಆ ಬೇಸಿಗೆ ಯಲಹಂಕದ ವಿಮಾನದ ಮೈದಾನದಲ್ಲಿ ನಡೆಯಲಿದ್ದ ಕಾರಿನ ಓಟಕ್ಕೆ ಅವರು ಹೆಸರು ಕೊಟ್ಟಿದ್ದರು. ಎಣ್ಣೆಯೆಲ್ಲ ಬದಲಿಸಲು ಕಾರನ್ನು ನಮ್ಮಲ್ಲಿ ಬಿಟ್ಟುಹೋದರು.

ಮರುದಿನ ಅವರ ಯಜಮಾನರು ಜೀಪಿನಲ್ಲಿ ಬಂದರು. ನಿವೃತ್ತ ಕರ್ನಲ್. ಮದರಾಸಿನಿಂದ ತರಿಸಿದ ಹೊಸ ಗೇರ್ ಎಣ್ಣೆಯ ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ಇದನ್ನೇ ಗೇರ್ ಬಾಕ್ಸಿಗೆ ಹಾಕಬೇಕೆಂದರು. ಅಪ್ಪ ಮುಚ್ಚಳ ತೆಗೆದು ಮೂಸಿದರು. ನಾನೂ ಮೂಸಿದೆ. ಪಟಾಕಿ ಸುಟ್ಟ ಮಾರನೆಯ ಬೆಳಗಿನ ಗಂಧಕದ ವಾಸನೆ.

“ಇದು ಇಂದ್ಗಡೆ ಆಕ್ಸಲ್‌ಗೆ ಸರಿ ಸ್ವಾಮಿ. ಗೇರ್ ಬಾಕ್ಸ್ ಒಳ್ಗೆ ಇತ್ತಾಳೆ ಬಳೆ ಅವೆ, ತಿಂದಾಕ್ಬುಡ್ತದೆ. ಈ ಗಾಡಿಗೆ ಎಂಜಿನ್ ಎಣ್ಣೆನೇ ಗೇರ್‌ಗೂ” ಎಂದರು ಅಪ್ಪ.

“ಡಬ್ಬಿ ಮೇಲೆ ಗೇರ್ ಆಯಿಲ್ ಅಂತ ಬರೆದಿದೆ ಮೇಸ್ತ್ರಿ. ನಿನಗೆ ಓದೋಕೆ ಬರುತ್ತಾ?”

ಅಪ್ಪ ಕೈ ಒರೆಸಿಕೊಂಡು ಡಬ್ಬಿಯ ಮುಚ್ಚಳ ಹಾಕಿದರು. ನಾಳಿದ್ದು ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು, ಇಲ್ಲದಿದ್ದರೆ ತಮ್ಮ ಗಾಡಿಯೂ ಬರುವುದಿಲ್ಲ, ತಮ್ಮ ಸ್ನೇಹಿತರ ಗಾಡಿಗಳೂ ಬರುವುದಿಲ್ಲ ಎಂದು ಹೇಳಿ ಅವರು ಹೊರಟುಹೋದರು.

ಅಪ್ಪ ಮೂಲೆಯಿಂದ ಹಳೆಯ ಗೇರ್ ಬಾಕ್ಸಿನ ಒಂದು ಹಿತ್ತಾಳೆ ಬಳೆ, ಗೇರು ಕಿರುಗುಟ್ಟದೆ ಕೂರಲೆಂದು ಒಳಗೆ ಹಾಕಿರುವ ಉಂಗುರ, ಹುಡುಕಿ, ಉಜ್ಜಿ ಫಳಫಳ ಮಾಡಿ, ಎರಡು ತುಂಡು ಮಾಡಿದರು. ಒಂದನ್ನು ಮದರಾಸಿನ ಎಣ್ಣೆಯಲ್ಲಿ, ಇನ್ನೊಂದನ್ನು ನಲವತ್ತರ ಎಂಜಿನ್ ಎಣ್ಣೆಯಲ್ಲಿ ಮುಳುಗಿಸಿ, ಎರಡು ಡಬ್ಬಿಗಳನ್ನೂ ಬಚ್ಚಲೊಲೆಯ ಬಿಸಿ ಬೂದಿಯಲ್ಲಿ ಹುಗಿದರು. ಬೂದಿ ಆರದಂತೆ ನೋಡಿಕೊಳ್ಳಬೇಕಿತ್ತು. ನಾನು ಎರಡು ದಿನ ಶಾಲೆಗೆ ಹೋಗುವುದಿಲ್ಲ ಎಂದು ಕೂತುಬಿಟ್ಟೆ. ಅಮ್ಮ ಗದರಿದಳು, ಮೀಯುವ ನೀರಿಗೂ ಗಬ್ಬು ಹತ್ತಿತೆಂದು ಬೈದಳು. ಆದರೆ ಕೆಂಡ ತಂದು ಸುರಿಯುತ್ತಿದ್ದವಳೂ ಅವಳೇ. ಒಲೆಯ ಮುಂದೆ ಕೂತೇ ಮುದ್ದೆ, ಹುರುಳಿ ಸಾರು ಉಂಡೆ.

ಮೂರನೆಯ ಬೆಳಿಗ್ಗೆ ತುಂಡುಗಳನ್ನು ಹೊರತೆಗೆದೆವು. ಎಂಜಿನ್ ಎಣ್ಣೆಯದು ಹಳದಿಯಾಗಿಯೇ ಇತ್ತು. ಇನ್ನೊಂದು ಹೆಂಚಿನ ತಳದಂತೆ ಕಪ್ಪಾಗಿತ್ತು.

ಅಂದು ಕರ್ನಲ್ ಜೊತೆ ಲೀಲಮ್ಮನವರೂ ಬಂದರು. ಅಪ್ಪ ಎರಡೂ ತುಂಡುಗಳನ್ನು ಅಂಗೈಯಲ್ಲಿಟ್ಟು ತೋರಿಸಿದರು. ಕರ್ನಲ್ ಕಣ್ಣು ಹಾಯಿಸಿ, ಬಚ್ಚಲೊಲೆಯಲ್ಲಿ ಬೇಯಿಸಿದರೆ ಯಾವುದಾದರೂ ಕಪ್ಪಾಗುತ್ತದೆ ಎಂದು ನಕ್ಕರು. ನನಗೆ ತಡೆಯಲಾಗಲಿಲ್ಲ. “ಎರಡ್ನೂ ಒಂದೇ ಒಲೇಲಿ ಇಟ್ಟಿದ್ದು. ನಾನೇ ಕಾದಿದ್ದೀನಿ” ಎಂದುಬಿಟ್ಟೆ. ದೊಡ್ಡವರಿಗೆ ಎದುರು ಮಾತಾಡಿದ್ದಕ್ಕೆ ಅಪ್ಪ ಗದರುತ್ತಾರೆಂದುಕೊಂಡೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

“ನಾನು ಆಕಲ್ಲ ಸ್ವಾಮಿ. ಬೇಕಾದ್ರೆ ಕಾರ್ ತಗಂಡೋಗಿ” ಎಂದು ಬೀಗದ ಕೈ ಚಾಚಿದರು.

ಬೀಗದ ಕೈ ತೆಗೆದುಕೊಂಡವರು ಲೀಲಮ್ಮ. ಕಪ್ಪು ತುಂಡಿನ ಮೇಲೆ ಉಗುರಿನಿಂದ ಗೀರಿ ನೋಡಿ, ಅದನ್ನು ಮತ್ತೆ ಅಪ್ಪನ ಕೈಗಿಟ್ಟರು. “ನಿಮ್ಮ ಎಣ್ಣೆನೇ ಹಾಕಿ ಮೇಸ್ತ್ರಿ. ಓಡಿಸೋಳು ನಾನು” ಎಂದರು. ಕರ್ನಲ್ ಜೀಪು ಹತ್ತಿ ಒಬ್ಬರೇ ಹೋದರು. ಅಪ್ಪ ಹಳೆಯ ಎಣ್ಣೆ ಇಳಿಸಿ ಹೊಸದು ತುಂಬುವವರೆಗೂ ಲೀಲಮ್ಮ ಮರದ ಪೆಟ್ಟಿಗೆಯ ಮೇಲೆ ಕೂತಿದ್ದು, ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆ ಏರಿಯವರೆಗೂ ಹೋಗಿ ಬಂದರು. ಗೇರು ಬೆಣ್ಣೆಯ ಹಾಗೆ ಬೀಳುತ್ತಿತ್ತು.

ಯಲಹಂಕದಲ್ಲಿ ಅವರು ಗೆಲ್ಲಲಿಲ್ಲ, ಐದನೆಯವರಾಗಿ ಬಂದರು. ಗೇರ್ ಬಾಕ್ಸ್ ಮಾತ್ರ ಕೊನೆಯ ಸುತ್ತಿನವರೆಗೂ ತಕರಾರು ಮಾಡಲಿಲ್ಲ. ಕರ್ನಲ್ ಹೇಳಿದಂತೆಯೇ ಅವರ ಸ್ನೇಹಿತರ ಕಾರುಗಳು ನಮ್ಮ ಶೆಡ್ಡಿಗೆ ಬರುವುದು ನಿಂತುಹೋಯಿತು. ಆ ವರ್ಷವೆಲ್ಲ ಅಪ್ಪ ದ್ರಾಕ್ಷಿ ತೋಟಗಳ ಪಂಪ್‌ಸೆಟ್ಟು ಬಿಚ್ಚಿದರು. ಒಮ್ಮೆ ಅಮ್ಮ, ಅವತ್ತು ಹೂಂ ಅಂದಿದ್ದರೆ ಏನಾಗುತ್ತಿತ್ತು ಎಂದು ಕೇಳಿದಳು. ಬಳೆ ಸವೆಯುತ್ತಿತ್ತು, ಅಷ್ಟೇ, ಎಂದು ಅಪ್ಪ ಊಟ ಮುಂದುವರಿಸಿದರು.

ಶೆಡ್ಡಿದ್ದ ಜಾಗದ ಮೇಲೆ ಈಗ ಮೇಲ್ಸೇತುವೆ ಹಾದುಹೋಗಿದೆ. ದ್ರಾಕ್ಷಿ ತೋಟ ಎಲ್ಲಿತ್ತೆಂದು ನನಗೇ ಗುರುತು ಸಿಗುವುದಿಲ್ಲ. ಎಪ್ಪತ್ತು ದಾಟಿದರೂ ನನ್ನ ಕಾರನ್ನು ನಾನೇ ಸರ್ವಿಸಿಗೆ ಒಯ್ಯುತ್ತೇನೆ. ಗಿರಾಕಿಗಳಿಗೆ ಒಳಗೆ ಪ್ರವೇಶವಿಲ್ಲ ಎಂಬ ಬೋರ್ಡು ದಾಟಿ ಒಳಗೆ ಹೋಗಿ, ಯಾವ ಎಣ್ಣೆ, ಯಾಕೆ ಎಂದು ಕೇಳುತ್ತೇನೆ. ಹುಡುಗರು ಒಳ್ಳೆಯವರು, ಕುರ್ಚಿ ಕೊಡುತ್ತಾರೆ, ಕಂಪ್ಯೂಟರ್ ನೋಡಿ ಹೆಸರು ಓದುತ್ತಾರೆ. ಬೇಕೆಂದೇ ತಪ್ಪು ಎಣ್ಣೆಯ ಹೆಸರು ಹೇಳಿ ಅದನ್ನು ಹಾಕಿ ಎಂದರೆ ಅದಕ್ಕೂ ಸರಿ ಆಂಟಿ ಎನ್ನುತ್ತಾರೆ. ಆಗಲ್ಲ ಎನ್ನುವ ಒಬ್ಬನಿಗಾಗಿ ನಾನು ಇನ್ನೂ ಕೇಳುತ್ತಲೇ ಇದ್ದೇನೆ.