ಹಳೇ ಕಾಯಿಲ್ಲಿಗೆ ಕರಿ ಬಣ್ಣ

ಹೋದ ತಿಂಗಳು ಚಟ್ನಿ ರುಬ್ಬುತ್ತಿದ್ದಾಗ ಮಿಕ್ಸಿ ಗುರ್ರೆಂದು ನಿಂತುಹೋಯಿತು. ಅಡುಗೆಮನೆಯ ತುಂಬ ಸುಟ್ಟ ವೈರಿನ ವಾಸನೆ. ರಿಪೇರಿಯವನು ಬಂದು, ತಳ ಬಿಚ್ಚಿ ನೋಡಿ, "ಕಾಯಿಲ್ ಹೋಗೈತೆ ಕಣಮ್ಮ, ಹೊಸದು ಹಾಕ್ತೀನಿ" ಅಂದ.

"ಹಾಕೋದಾದ್ರೆ ನನ್ನ ಕಣ್ಣೆದುರಿಗೇ ಹಾಕು. ಹಳೇದನ್ನ ನನ್ನ ಕೈಗೆ ಕೊಟ್ಟು ಹೋಗು" ಅಂದೆ. ನನ್ನ ದನಿಯ ಒರಟಿಗೆ ಆತ ತಬ್ಬಿಬ್ಬಾದ. ಪಾಪ, ಅವನೇನು ಮಾಡಿದ್ದ... ಆ ಸಿಟ್ಟು ಅವನ ಮೇಲಿನದಾಗಿರಲಿಲ್ಲ. ಎಂಬತ್ತರ ದಶಕದ ಮೊದಲಲ್ಲಿ, ಮಧುಗಿರಿಯ ಒಂದು ಗ್ಯಾರೇಜಿನಲ್ಲಿ ಹೊತ್ತಿಕೊಂಡ ಸಿಟ್ಟು ಅದು. ಇವತ್ತಿಗೂ ಆರಿಲ್ಲ.

ಆಗ ನಾನು ಚನ್ನರಾಯನದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಪ್ರೈಮರಿ ಸ್ಕೂಲಿನ ಟೀಚರು. ಮದುವೆಯಾಗಿರಲಿಲ್ಲ. ಬಾಡಿಗೆಗೆ ಸಿಕ್ಕಿದ್ದ ಮನೆಯ ಮುಂದಿನ ಅರ್ಧದಲ್ಲಿ ನಾನಿದ್ದೆ, ಹಿಂದಿನ ಅರ್ಧದಲ್ಲಿ ನರ್ಸಮ್ಮ ಇದ್ದರು. ಸುತ್ತಲಿನ ಹಳ್ಳಿ ಹಟ್ಟಿಗಳ ಬಾಣಂತನ, ಕೂಸುಗಳ ಸೂಜಿಮದ್ದು ಎಲ್ಲ ಅವರದೇ. ನನಗಿಂತ ಎಂಟು ಹತ್ತು ವರ್ಷಕ್ಕೆ ದೊಡ್ಡವರು. ಮಕ್ಕಳಿರಲಿಲ್ಲ. ಗಂಡ ಕಾಮಾಲೆ ಬಂದು ತೀರಿಕೊಂಡಿದ್ದರು. ಅತ್ತೆ, ಮೈದುನ ಮಧುಗಿರಿಯಲ್ಲಿದ್ದರು. ಆತ ಬಿಟ್ಟುಹೋದದ್ದು ಒಂದು ಹಳೆಯ ಮೋಟಾರ್ ಬೈಕು. ಕಬ್ಬಿಣದ ಎಮ್ಮೆಯಂಥ ಭಾರದ ಗಾಡಿ, ಆ ಕಾಲಕ್ಕೇ ಅದಕ್ಕೆ ವಯಸ್ಸಾಗಿತ್ತು.

ಗಂಡ ಇದ್ದಾಗಲೇ ಅವರು ಅದನ್ನು ಓಡಿಸಲು ಕಲಿತಿದ್ದರಂತೆ. ಬಿಳಿ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೆ ಗಂಡನ ಖಾಕಿ ಕೋಟು ತೊಟ್ಟು, ಒಂದೇ ಒದೆತಕ್ಕೆ ಎಂಜಿನ್ ಎಬ್ಬಿಸುತ್ತಿದ್ದರು. ಆ ಸದ್ದು ಬೆಟ್ಟಕ್ಕೆ ಬಡಿದು ವಾಪಸ್ಸು ಬರುತ್ತಿತ್ತು. ಹೆಂಗಸರು ಬಾಗಿಲಿಗೆ ಬಂದು ನೋಡಿ ನಗುತ್ತಿದ್ದರು. ಅರಳಿಕಟ್ಟೆಯ ಗಂಡಸರೂ ನಗುತ್ತಿದ್ದರು, ಆದರೆ ಆ ನಗು ಬೇರೆ.

ಗಾಡಿ ಕೈಕೊಡಲು ಶುರುಮಾಡಿದ್ದು ನಾನು ಆ ಮನೆಗೆ ಬಂದ ವರ್ಷವೇ. ಬೆಳಿಗ್ಗೆ ತಣ್ಣಗಿದ್ದಾಗ ಚೆನ್ನಾಗಿಯೇ ಎದ್ದುಕೊಳ್ಳುತ್ತಿತ್ತು. ನಾಲ್ಕೈದು ಮೈಲಿ ಹೋಗುತ್ತಿತ್ತು. ಎಂಜಿನ್ ಕಾದ ಮೇಲೆ ಕೆಮ್ಮಿ, ಮುಗ್ಗರಿಸಿ, ರಸ್ತೆ ನಡುವೆ ಸತ್ತುಬೀಳುತ್ತಿತ್ತು. ಅರ್ಧ ಗಂಟೆ ಮರದ ಕೆಳಗೆ ಕೂತಿದ್ದು ಮತ್ತೆ ಒದ್ದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತಿತ್ತು.

ಮಧುಗಿರಿಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ಅವರ ಗಂಡನ ಕಾಲದಿಂದಲೂ ಗಾಡಿ ಅವನ ಕೈಯಲ್ಲೇ ರಿಪೇರಿ. ಮೊದಲ ಸಲ "ಕಾರ್ಬೊರೇಟರಾಗೆ ಕಸ" ಅಂದ. ಆಮೇಲೆ ಪ್ಲಗ್ಗು ಅಂದ, ಬ್ಯಾಟರಿ ಅಂದ, ಡೈನಮೊ ಅಂದ. ಪ್ರತಿ ಸಲವೂ ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆದು ತೋರಿಸುತ್ತಿದ್ದ. ಒಂದು ಸುತ್ತಿಗೆ ಅದು ಎಲ್ಲಿ ಕಾಯುತ್ತದೆ! ಮನೆಗೆ ಬರುವ ದಾರಿಯಲ್ಲಿ ಮತ್ತೆ ಅದೇ ಕಥೆ. ಅಷ್ಟೇ ಅಲ್ಲ, ಅಲ್ಲಿಗೆ ಹೋಗಿಬಂದಾಗಲೆಲ್ಲ ಇನ್ನೊಂದು ಹೊಸ ಕಾಯಿಲೆ ಅಂಟಿಕೊಂಡು ಬರುತ್ತಿತ್ತು. ಒಮ್ಮೆ ಹಾರನ್ ಸತ್ತಿತು. ಇನ್ನೊಮ್ಮೆ ಹೆಡ್‌ಲೈಟು. ಮತ್ತೊಮ್ಮೆ ಯಾವುದೋ ವೈರು ಸಡಿಲವಾಗಿ, ಗುಂಡಿಗೆ ಇಳಿದಾಗಲೆಲ್ಲ ಎಂಜಿನ್ ಆರಿಹೋಗುತ್ತಿತ್ತು.

"ಗಾಡಿ ಗಂಡ್ಸಿನ್ ಕೈ ಕೇಳ್ತದೆ ಕಣಮ್ಮ" ಎಂದು ಅವನು ಹಲ್ಲು ಕಿರಿಯುತ್ತಿದ್ದ. ನಾನು ಹಿಂದೆ ನಿಂತು ಕೇಳಿಸಿಕೊಂಡಿದ್ದೇನೆ. ಅವನಿಗೆ ಕೆಲಸ ಬಾರದೆ ಇದ್ದಿದ್ದರೆ ಕ್ಷಮಿಸಬಹುದಿತ್ತು. ಲಾರಿಯವರು, ಟ್ರ್ಯಾಕ್ಟರಿನವರು ಅವನ ಮುಂದೆ ಸಾಲುಗಟ್ಟಿ ನಿಲ್ಲುತ್ತಿದ್ದರು. ಅವನಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು.

ಕೊನೆಗೊಮ್ಮೆ "ಕಾಯಿಲ್ ಹೋಗೈತೆ, ಹೊಸದು ಹಾಕಿವ್ನಿ, ಇನ್ನು ಕಣ್ಮುಚ್ಕೊಂಡು ಓಡ್ಸಿ" ಅಂದ. ಟ್ಯಾಂಕಿನ ಕೆಳಗೆ ಬಗ್ಗಿ ನೋಡಿದೆವು. ಕಪ್ಪಗೆ ಮಿರಮಿರ ಮಿಂಚುವ ಕಾಯಿಲ್. ಪ್ಲಗ್ಗಿಗೆ ಕಿಡಿ ಕೊಡುವುದೇ ಅದಂತೆ. ನರ್ಸಮ್ಮನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು.

ಅದಾದ ಮೂರ್ನಾಲ್ಕು ದಿನಕ್ಕೇ ಬೆಟ್ಟದಾಚೆಯ ಹಟ್ಟಿಯಿಂದ ಆಳು ಓಡಿಬಂದ. ಚೊಚ್ಚಲ ಬಸುರಿ, ಬೆಳಗಿನಿಂದ ನೋವು, ಕೂಸು ಅಡ್ಡ ನಿಂತಿದೆ. ಅವತ್ತು ಭಾನುವಾರ. ಕೈಗೊಬ್ಬರು ಇರಲಿ ಎಂದು ನಾನೂ ಹಿಂದೆ ಕೂತೆ, ಮಡಿಲಲ್ಲಿ ಅವರ ಪೆಟ್ಟಿಗೆ ಹಿಡಿದು. ಬೆಟ್ಟ ಸುತ್ತುವ ಮಣ್ಣು ರಸ್ತೆ. ಏರು ಮುಗಿಯುವ ಹೊತ್ತಿಗೆ ಎಂಜಿನ್ ಕೆಮ್ಮಿತು. ನರ್ಸಮ್ಮ ಬೆನ್ನು ಸೆಟೆದು ಕೂತರು. ಎರಡು ಸಲ ಮುಗ್ಗರಿಸಿತು, ನಿಂತಿತು. ಸುಟ್ಟ ವೈರಿನ ವಾಸನೆ ಮೂಗಿಗೆ ಬಡಿಯಿತು.

ಒದ್ದರು, ಮತ್ತೆ ಒದ್ದರು. ಆಮೇಲೆ ಗಾಡಿಯನ್ನು ಅಲ್ಲೇ ಕೆಡವಿ, ಪೆಟ್ಟಿಗೆ ಕಿತ್ತುಕೊಂಡು ಓಡತೊಡಗಿದರು. ನಾನೂ ಓಡಿದೆ. ಉರಿಬಿಸಿಲು, ಜಾಲಿಮುಳ್ಳು, ಕಾಲ್ದಾರಿ... ನಾವು ಹೋದಾಗ ತಾಯಿಗೆ ಇನ್ನೂ ಉಸಿರಿತ್ತು. ನರ್ಸಮ್ಮ ಅವಳನ್ನು ಉಳಿಸಿದರು. ಕೂಸು ಉಳಿಯಲಿಲ್ಲ. ಹೆಣ್ಣು ಕೂಸು, ತಲೆ ತುಂಬ ಕೂದಲು.

ಹಟ್ಟಿಯವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಣಂತಿಯ ಅತ್ತೆ ಗೋಡೆಗೊರಗಿ ಕೂತು, "ನಿನ್ ಗಾಡಿ ಸದ್ದು ಕೇಳ್ತು ಕಣಮ್ಮ. ಬಂದ್ಬುಟ್ಲು ಬಂದ್ಬುಟ್ಲು ಅಂತ ಸೊಸೇಗೆ ಹೇಳ್ದೆ. ಆಮ್ಯಾಕೆ ಸದ್ದು ನಿಂತೋಯ್ತು" ಅಂದಳು. ಅಷ್ಟೇ ಅಂದದ್ದು. ವಾಪಸ್ಸು ಬರುವಾಗ ಗಾಡಿ ಒಂದೇ ಒದೆತಕ್ಕೆ ಎದ್ದಿತು.

ಮಾರನೆಯ ದಿನ ನರ್ಸಮ್ಮ ಗಾಡಿಯನ್ನು ಹಿತ್ತಿಲಲ್ಲಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಎಂಜಿನ್ ಹಚ್ಚಿ, ಎದುರಿಗೆ ಕುಕ್ಕರಗಾಲಲ್ಲಿ ಕೂತರು. ಊಟ ಮಾಡಿರಲಿಲ್ಲ. ಅದು ಕಾದು ಕಾದು ತಾನಾಗಿ ಸಾಯುವವರೆಗೂ ಕಣ್ಣು ಮಿಟುಕಿಸದೆ ನೋಡಿದರು. ಸತ್ತೊಡನೆ, ಗಂಡ ಮಾಡುವುದನ್ನು ನೋಡಿದ್ದ ನೆನಪಿನಲ್ಲಿ ಪ್ಲಗ್ಗು ಬಿಚ್ಚಿ, ವೈರಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿಟ್ಟು ನನ್ನನ್ನು ಕಿಕ್ಕರ್ ಒತ್ತಲು ಹೇಳಿದರು. ಕಿಡಿ ಇಲ್ಲ. "ಪೆಟ್ರೋಲಿನ ದೋಷ ಅಲ್ಲ ಟೀಚರೇ, ಕರೆಂಟಿಂದೇ" ಅಂದರು. ಟ್ಯಾಂಕು ಇಳಿಸಿ ಕಾಯಿಲ್ ಮುಟ್ಟಿದವರು ಬೆರಳು ಹಿಂದೆಳೆದುಕೊಂಡರು. ರೊಟ್ಟಿ ಹಂಚಿನಷ್ಟು ಬಿಸಿ. ಜ್ವರ ಬಂದವರ ಹಣೆಗೆ ಹಾಕುವಂತೆ ಒದ್ದೆ ಬಟ್ಟೆಯನ್ನು ಅದಕ್ಕೆ ಸುತ್ತಿದರು. ಸ್ವಲ್ಪ ಹೊತ್ತು ಬಿಟ್ಟು ನಾನು ಮತ್ತೆ ಕಿಕ್ಕರ್ ಒತ್ತಿದೆ. ಚಟ್ ಎಂದು ನೀಲಿ ಕಿಡಿ ಹಾರಿತು.

"ಹೊಸ ಕಾಯಿಲ್ ಇಂಗ್ಯಾಕೆ ಕಾಯ್ತದೆ?" ಎಂದು ತಮ್ಮಷ್ಟಕ್ಕೆ ಕೇಳಿಕೊಂಡರು. ಅದನ್ನು ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯಿಂದ ತಿಕ್ಕಿದರು. ಬಟ್ಟೆ ಕಪ್ಪಾಯಿತು. ಬಣ್ಣದ ಕೆಳಗೆ ತುಕ್ಕು, ತುಕ್ಕಿನ ನಡುವೆ ಮೊಳೆಯಲ್ಲಿ ಗೀಚಿದ ಒಂದು ಅಕ್ಷರ. ಅವರ ಗಂಡನ ಹೆಸರಿನ ಮೊದಲ ಅಕ್ಷರ. ತಮ್ಮ ಎಲ್ಲ ಸಾಮಾನಿನ ಮೇಲೂ ಹಾಗೆ ಗೀಚುವುದು ಆತನ ಅಭ್ಯಾಸವಂತೆ. ಅದೇ ಹಳೇ ಕಾಯಿಲ್ಲು! ಮೇಲೊಂದು ಕೋಟು ಕರಿ ಬಣ್ಣ ಬಳಿದಿದ್ದ, ಅಷ್ಟೇ.

ನರ್ಸಮ್ಮ ಅಳಲಿಲ್ಲ. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಸಿರಾಕ್ಕೆ ಹೋದರು. ಲಾರಿ ಸ್ಟ್ಯಾಂಡಿನ ಪಕ್ಕದ ಸಾಬರ ಅಂಗಡಿಯಿಂದ ನಿಜವಾದ ಹೊಸ ಕಾಯಿಲ್ ತಂದು, ತಾವೇ ಜೋಡಿಸಿ, ವೈರುಗಳನ್ನೆಲ್ಲ ಒಂದೊಂದಾಗಿ ಎಳೆದು ನೋಡಿ ಬಿಗಿಮಾಡಿದರು. ಮರುದಿನ ಇಬ್ಬರೂ ಅದೇ ಗಾಡಿಯಲ್ಲಿ ಮಧುಗಿರಿಗೆ ಹೋದೆವು. ಎಲ್ಲೂ ನಿಲ್ಲಲಿಲ್ಲ.

ಗ್ಯಾರೇಜಿನಲ್ಲಿ ಏಳೆಂಟು ಜನ ಇದ್ದರು. ನರ್ಸಮ್ಮ ಹಳೇ ಕಾಯಿಲ್ಲನ್ನು ಅವನೆದುರಿನ ಮೇಜಿನ ಮೇಲಿಟ್ಟರು.

"ಇದ್ಯಾವುದಪ್ಪ?"

ಅವನು ಅದನ್ನು ನೋಡಿದ, ಅವರನ್ನು ನೋಡಿದ. ಸುಳ್ಳು ಹೇಳುತ್ತಾನೆ ಎಂದುಕೊಂಡಿದ್ದೆ. ಅವನು ಅಷ್ಟು ಕಷ್ಟವನ್ನೂ ಪಡಲಿಲ್ಲ.

"ನನ್ನೇನ್ ಕೇಳ್ತೀರಾ, ನಿಮ್ ಮೈದ್ನನ್ನೇ ಕೇಳ್ಕಳಿ. 'ಅಣ್ಣನ ಗಾಡಿ ನಂಗ್ ಬರ್ಬೇಕಿತ್ತು, ಅತ್ತಿಗೆ ಬುಡ್ತಾ ಇಲ್ಲ, ಕೆಟ್ಟು ಕೆಟ್ಟು ಬೇಜಾರಾಗಿ ತಾನೇ ಬುಟ್ಬುಡ್ಲಿ, ನೀನು ಸರಿಯಾಗ್ ಮಾಡ್ಬ್ಯಾಡ' ಅಂದಿದ್ದ. ಊರಾಗೆ ನಾಕ್ ಜನಾನೂ ಅಂಗೇ ಅಂತಿದ್ರು. ಹೆಂಗಸ್ರಿಗ್ಯಾಕಮ್ಮ ಇದೆಲ್ಲ?"

ಗ್ಯಾರೇಜಿನಲ್ಲಿ ಯಾರೋ ಕಿಸಕ್ಕೆಂದರು. ನರ್ಸಮ್ಮ ನಗು ಬಂದ ಕಡೆ ತಿರುಗಿ ಕೂಸಿನ ಸಂಗತಿ ಹೇಳಿದರು. ಏರು, ನಿಂತ ಎಂಜಿನ್, ಬಾಣಂತಿಯ ಅತ್ತೆಯ ಮಾತು, ಕೂಸಿನ ತಲೆ ತುಂಬ ಇದ್ದ ಕೂದಲು. ದನಿ ಏರಿಸದೆ ಹೇಳಿದರು.

"ಅದು ಅವ್ರ ಹಣೇಬರ" ಅಂದ ಮೆಕ್ಯಾನಿಕ್.

ನಾನು ತಡೆದುಕೊಳ್ಳಲಾರದೆ ಅವನ ಮೇಲೆ ಏರಿಹೋದೆ. ಏನೇನು ಬೈದೆನೋ... ಶಾಲೆಯ ಮೇಡಂ ಆಡುವ ಮಾತುಗಳಲ್ಲ ಅವು. ನರ್ಸಮ್ಮ ನನ್ನ ರಟ್ಟೆ ಹಿಡಿದು ಎಳೆದರು. ಅಲ್ಲಿಂದ ನೇರವಾಗಿ ಮೈದುನನ ಮನೆಗೆ ಹೋದರು. ಹೊಸ್ತಿಲು ದಾಟದೆ, ಅಂಗಳದಲ್ಲೇ ನಿಂತು ಅವನನ್ನು ಕರೆದು ಕೇಳಿದರು. ಅವನು ತಲೆ ತಗ್ಗಿಸಿದ. ಉತ್ತರ ಕೊಟ್ಟವಳು ನರ್ಸಮ್ಮನ ಅತ್ತೆ. "ಬೀದೀಲಿ ನಿಂತು ಮನೆ ಮರ್ವಾದೆ ಕಳೀತಿಯಾ? ಗಂಡನ್ನ ತಿನ್ಕಂಡೋಳು, ಗಾಡಿ ಮ್ಯಾಲೆ ಮೆರೀತಿಯಾ?"

"ಮರ್ವಾದೆ ಮಣ್ಣಾಗೆ ಹೂತು ಬಂದಿವ್ನಿ ಅತ್ತೆ. ಮೊಳದುದ್ದ ಇತ್ತು, ತಲೆ ತುಂಬ ಕೂದ್ಲು" ಅಂದರು ನರ್ಸಮ್ಮ. ಆ ಮನೆಗೆ ಅವರು ಮತ್ತೆ ಹೋಗಲಿಲ್ಲ.

ನ್ಯಾಯ ಆಯಿತೇ ಎಂದು ಕೇಳಬೇಡಿ. ಯಾರೋ ಮೇಲಕ್ಕೆ ದೂರು ಕೊಟ್ಟರು, ಮೆಕ್ಯಾನಿಕ್ಕನ ಮೇಲಲ್ಲ, ನರ್ಸಮ್ಮನ ಮೇಲೆ. ಹೆರಿಗೆಗೆ ತಡವಾಗಿ ಹೋದರು ಅಂತ. ವಿಚಾರಣೆಗೆ ಬಂದ ಸಾಹೇಬರ ಮುಂದೆ ನಾನು ಎಲ್ಲ ಹೇಳಿದೆ. ಅವರು ಕಾಫಿ ಕುಡಿಯುತ್ತ, "ಅಲ್ಲಮ್ಮ, ಆಕೆ ಬಸ್ಸಲ್ಲಿ ಹೋಗಬಹುದಿತ್ತಲ್ಲ?" ಎಂದರು. ಆ ಹಟ್ಟಿಗೆ ಬಸ್ಸೇ ಇರಲಿಲ್ಲ! ತಿಂಗಳೊಪ್ಪತ್ತಿನಲ್ಲಿ ನರ್ಸಮ್ಮನನ್ನು ಪಾವಗಡದ ಕಡೆಗೆ ವರ್ಗ ಮಾಡಿದರು.

ನನಗೆ ನರ್ಸಮ್ಮನ ಮೇಲೂ ಕೋಪ ಬಂದಿತ್ತು. ಕೋರ್ಟಿಗೆ ಹೋಗಿ, ಪೇಪರಿಗೆ ಬರೆಸಿ, ಸುಮ್ಮನೆ ಬಿಡಬೇಡಿ ಎಂದು ಕೂಗಾಡಿದೆ. ಅವರು ಟ್ರಂಕನ್ನು ಗಾಡಿಯ ಹಿಂದಕ್ಕೆ ಹಗ್ಗದಿಂದ ಬಿಗಿಯುತ್ತ, "ನಾನು ಕೋರ್ಟ್ ಬಾಗ್ಲಾಗೆ ಕೂತ್ರೆ ಅಲ್ಲಿ ಹೆರೋರು ಕಾಯ್ತಾರಾ ಟೀಚರೇ?" ಅಂದರು. ಆದರೂ ನನ್ನ ಕೋಪ ಇಳಿಯಲಿಲ್ಲ. ಗಾಡಿ ಒಂದೇ ಒದೆತಕ್ಕೆ ಎದ್ದಿತು. ಸದ್ದು ಕ್ಷೀಣವಾಗುವವರೆಗೂ ಬೀದಿಯಲ್ಲಿ ನಿಂತಿದ್ದೆ. ಅರಳಿಕಟ್ಟೆಯ ಮೇಲೆ ಯಾರೂ ನಗಲಿಲ್ಲ.

ಮೊದಲು ಒಂದೆರಡು ಕಾಗದ ಬಂದವು. ಆಮೇಲೆ ನನ್ನ ಮದುವೆ, ಮಕ್ಕಳು, ಊರೂರು ವರ್ಗಾವಣೆ... ಮೆಕ್ಯಾನಿಕ್ ಮಾತ್ರ ಚೆನ್ನಾಗಿ ಬಾಳಿದ. ಎರಡಂತಸ್ತಿನ ಮನೆ ಕಟ್ಟಿದ. ಅವನು ಸತ್ತಾಗ ಮಧುಗಿರಿಯ ಸರ್ಕಲ್ಲಿನಲ್ಲಿ ಆಳೆತ್ತರದ ಫ್ಲೆಕ್ಸ್ ಹಾಕಿದ್ದರು. 'ಜನಾನುರಾಗಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಆಟೋ ನಿಲ್ಲಿಸಿ ಅದನ್ನು ಎರಡು ಸಲ ಓದಿದೆ.

ಮಿಕ್ಸಿ ಕೆಟ್ಟ ಮೇಲಿನ ಶುಕ್ರವಾರ ಗೊರವನಹಳ್ಳಿಯ ದೇವಸ್ಥಾನಕ್ಕೆ ಹೋಗಿದ್ದೆ. ವಾಪಸ್ಸು ಬರುವ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸಿನದು ಪಾವಗಡದ ಕಡೆಯ ಊರು. ಅರ್ಧ ಕನ್ನಡ, ಅರ್ಧ ತೆಲುಗು ಮಾತು. ನರ್ಸಮ್ಮನ ಬಗ್ಗೆ ಕೇಳಿದೆ, ಮೋಟಾರ್ ಬೈಕಿನ ಗುರುತು ಹೇಳಿದೆ. ಆಕೆಯ ಮುಖ ಅರಳಿತು.

"ಬಂಡಿ ನರ್ಸಮ್ಮನಾ? ಆಯಮ್ಮ ಗೊತ್ತಿಲ್ದೋರು ಯಾರವ್ರೆ? ನನ್ ಇಬ್ರು ಪಿಲ್ಲಲೂ ಆಯಮ್ಮನ್ ಕೈಯಾಗೇ ಹುಟ್ಟಿದ್ದು. ರಿಟೇರಾದ್ಮ್ಯಾಕೂ ಕರೆದ್ರೆ ಬರೋಳು." ಆಮೇಲೆ, "ಆಯಮ್ಮ ಹೋಗಿ ಶಾನೆ ವರ್ಷ ಆಯ್ತಲ್ಲಮ್ಮ. ನಿಂಗೆ ಗೊತ್ತಿಲ್ವಾ?" ಎಂದಳು.

ಗೊತ್ತಿರಲಿಲ್ಲ. ಇಷ್ಟು ವರ್ಷವೂ, ಎಲ್ಲೋ ಇದ್ದಾರೆ, ಒಂದು ದಿನ ಹೋಗಿ ಆ ಗ್ಯಾರೇಜಿನ ಮಾತೆತ್ತಿ ಇಬ್ಬರೂ ಸೇರಿ ಅವನನ್ನು ಹೊಟ್ಟೆ ತುಂಬ ಬೈಯಬೇಕು ಎಂದುಕೊಂಡೇ ಇದ್ದೆ. ಅಲ್ಲಿ ನಡೆದದ್ದನ್ನು ಕಂಡವರಲ್ಲಿ ನನ್ನ ಕಡೆಯವರೆಂದು ಇದ್ದದ್ದು ಅವರೊಬ್ಬರೇ... ಕಿಟಕಿಯ ಕಡೆ ತಿರುಗಿದೆ.

"ಅಳ್ಬ್ಯಾಡ ಸುಮ್ಕಿರಮ್ಮ" ಎಂದು ಆಕೆ ನನ್ನ ತೊಡೆ ತಟ್ಟಿದಳು.

"ಅಳ್ತಾ ಇಲ್ಲ ಕಣಮ್ಮ, ಸಿಟ್ಟು ಬಂದೈತೆ" ಅಂದೆ.

"ಯಾರ ಮ್ಯಾಲೆ?"

ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಕೊರಟಗೆರೆ ಬಂತು. ಕಂಡಕ್ಟರ್ ಬೇಗ ಬೇಗ ಎಂದು ಕೂಗಿದ. ಆಕೆ ಹಣ್ಣುಕಾಯಿಯ ಚೀಲ ಎತ್ತಿಕೊಂಡು, ಪಾವಗಡದ ಬಸ್ಸು ಹಿಡಿಯಲು ಇಳಿದುಹೋದಳು.