ಒಳಕ್ಕೆ ತೆರೆಯುತ್ತಿದ್ದ ಬಾಗಿಲು

ನಾನು ಚಿಕ್ಕವನಿದ್ದಾಗ ನಮ್ಮೂರಿನ ಬಾಗಿಲುಗಳೆಲ್ಲ ಒಳಕ್ಕೇ ತೆರೆಯುತ್ತಿದ್ದವು. ದೋಹಾದ ಈ ಹನ್ನೊಂದನೇ ಮಹಡಿಯಲ್ಲಿ ಕೂತು ಮೊಮ್ಮಕ್ಕಳಿಗೆಂದು ಡೈರಿಯಲ್ಲಿ ಹೀಗೆ ಬರೆದ ಕೂಡಲೇ ಅನುಮಾನ ಬಂತು. ಎಲ್ಲವೂ? ಕೊಟ್ಟಿಗೆಯದು ಹೊರಕ್ಕೆ ತೆರೆಯುತ್ತಿತ್ತೇನೋ. ಮುದುಕರ ನೆನಪನ್ನು ಪೂರ್ತಿ ನಂಬಬೇಡಿ ಮಕ್ಕಳೇ. ಪುರಭವನದ ಬಾಗಿಲಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಅಪ್ಪ ಶಾಲೆ, ಕಚೇರಿ, ಅಂಚೆಮನೆಗಳ ನಕ್ಷೆ ಬರೆದು ಕಟ್ಟಿಸುತ್ತಿದ್ದರು. ಅವರ ಮೇಜಿನ ಮೇಲೆ ಕಂದು ರಟ್ಟಿನ ದಪ್ಪ ಪುಸ್ತಕವೊಂದಿತ್ತು. ತೆರೆದರೆ ನುಸಿಗುಳಿಗೆಯ ವಾಸನೆ. ಅದರಲ್ಲಿ ಹಿಂದಿನ ಶತಮಾನದ ಕೆನಡಾದ ಒಬ್ಬ ವಾಸ್ತುಶಿಲ್ಪಿಯ ಕತೆಯಿತ್ತು. ಊಟಕ್ಕೆ ಕೂತಾಗ ಅಪ್ಪ ಅದನ್ನು ತುತ್ತಿಗಿಷ್ಟು ಎಂಬಂತೆ ಹೇಳುತ್ತಿದ್ದರು. ಆತ ಬಡಗಿಯ ಮಗ. ಮರ ಕೊಯ್ಯುತ್ತಲೇ ನಕ್ಷೆ ಕಲಿತವನು. ಮೊದಲು ಸೆರೆಮನೆ ಕಟ್ಟಿದ, ಆಮೇಲೆ ನ್ಯಾಯಾಲಯ, ಆಸ್ಪತ್ರೆ. ಹೆಸರು ಬಂದ ಮೇಲೆ ದೊಡ್ಡ ಸಭಾಭವನ ಕಟ್ಟಿದ. ಒಂದು ಚಳಿಗಾಲ ಅದಕ್ಕೆ ಬೆಂಕಿ ಬಿತ್ತು. ಜನ ಬಾಗಿಲಿಗೆ ನುಗ್ಗಿದರು. ಅದು ಒಳಕ್ಕೆ ತೆರೆಯುವ ಬಾಗಿಲು. ಹಿಂದಿನವರು ತಳ್ಳಿದಷ್ಟೂ ಮುಂದಿನವರು ಅದಕ್ಕೆ ಒತ್ತಿಕೊಂಡರು, ಬಾಗಿಲು ತೆರೆಯಲೇ ಇಲ್ಲ. ಅಲ್ಲಿಂದ ಮುಂದೆ ಅವನು ಕಟ್ಟಿದ ಕಟ್ಟಡಗಳ ಬಾಗಿಲೆಲ್ಲ ಹೊರಕ್ಕೇ ತೆರೆದವು. ಅವನ ಹೆಸರು ನನಗೆ ಮರೆತುಹೋಗಿದೆ. ಪುಸ್ತಕವೂ ಮತ್ತೆ ಸಿಗಲಿಲ್ಲ. ಅಪ್ಪ ಎಷ್ಟು ಸೇರಿಸಿ ಹೇಳಿದರೋ ಗೊತ್ತಿಲ್ಲ.

ನಮ್ಮೂರ ಪುರಭವನಕ್ಕೂ ಅಪ್ಪ ಹೊರಕ್ಕೆ ತೆರೆಯುವ ಬಾಗಿಲನ್ನೇ ಬರೆದಿದ್ದರು. ಕೆನಡಾದವನ ಕತೆ ಹೇಳಿದರೂ ಮರಗೆಲಸದ ಆಚಾರಿ ಒಪ್ಪಲಿಲ್ಲ.

"ಸ್ವಾಮಿ, ಇದು ಲಕ್ಷ್ಮೀನ ಕುತ್ತಿಗೆ ಹಿಡಿದು ಆಚೆ ದಬ್ಬೋ ಬಾಗಿಲು. ಇದನ್ನ ಕೂರಿಸಿದ್ರೆ ನಾಳೆ ಕೋಳಿಗೂಡು ಮಾಡೋಕೂ ನನ್ನ ಯಾರೂ ಕರೆಯಲ್ಲ."

"ಕೆನಡಾದಲ್ಲಿ ಲಕ್ಷ್ಮಿ ಇಲ್ವೇನಯ್ಯ?"

"ಅಲ್ಲಿ ಹಿಮ ಬೀಳ್ತದಂತಲ್ಲ. ಚಳಿ ತಡೀಲಾರದೆ ಅಮ್ಮ ತಾನಾಗೇ ಒಳಕ್ಕೆ ಓಡಿ ಬರ್ತಾಳೆ, ಬಿಡಿ."

ಅಪ್ಪ ಜೋರಾಗಿ ನಕ್ಕರು. ನಗುತ್ತಲೇ ಒಪ್ಪಿಬಿಟ್ಟರು. ಬಾಗಿಲಿಗೆ ಅರಿಶಿನ, ಕುಂಕುಮ, ಮಾವಿನ ತೋರಣ ಎಲ್ಲ ಆಯಿತು. ಅದು ಒಳಕ್ಕೇ ತೆರೆಯಿತು.

ಮರುವರ್ಷದ ಬೇಸಿಗೆಯಲ್ಲಿ ಅಲ್ಲೊಂದು ಸಭೆ. ಹೊಸ ಆಸ್ಪತ್ರೆ ಮೇಲಿನ ಪೇಟೆಗೋ ಕೆಳಗಿನ ಪೇಟೆಗೋ ಎಂಬ ಜಗಳ. ಪ್ರಾರ್ಥನೆ ಹಾಡಲು ಅಕ್ಕ ತನ್ನ ಹಾರ್ಮೋನಿಯಂ ಮೇಷ್ಟ್ರ ಜೊತೆ ಮೊದಲೇ ಹೋಗಿದ್ದಳು. ಅವಳಿಗೆ ಹನ್ನೊಂದು, ನನಗೆ ಎಂಟು. ಅಪ್ಪ ಆಸ್ಪತ್ರೆಯ ನಕ್ಷೆ ಸುತ್ತಿಕೊಂಡು ನನ್ನ ಕೈಹಿಡಿದು ತಡವಾಗಿ ಹೊರಟರು. ಬೀದಿಯ ತಿರುವಿಗೆ ಬಂದಾಗ ಪುರಭವನದ ಕಿಟಕಿಯ ಗಾಜು ಸಿಡಿದು ಬಿತ್ತು. ಕಲ್ಲುಗಳು ಎರಡೂ ಕಡೆಯಿಂದ ಹಾರುತ್ತಿದ್ದವು. ಒಬ್ಬ ಇನ್ನೊಬ್ಬನ ತಲೆಯನ್ನು ಕಂಬಕ್ಕೆ ಜಜ್ಜುತ್ತಿದ್ದ. ಇಬ್ಬರೂ ನಮಗೆ ದಿನಾ ಹಾಲು, ತರಕಾರಿ ಕೊಡುತ್ತಿದ್ದವರು. ಯಾರೋ ಉರಿಯುವ ಬಟ್ಟೆಯೊಂದನ್ನು ಕಿಟಕಿಯೊಳಕ್ಕೆ ಎಸೆದರು. ಪರದೆ ಹೊತ್ತಿಕೊಂಡಿತು. ಸೀಮೆಎಣ್ಣೆಯ ವಾಸನೆ ಮೂಗಿಗೆ ಅಡರಿತು.

ಅಪ್ಪ ಬಾಗಿಲಿಗೆ ಭುಜ ಕೊಟ್ಟು ತಳ್ಳಿದರು. ಅದು ಅಲುಗಲಿಲ್ಲ. ಒಳಗಿನ ಜನ ಅದಕ್ಕೇ ಒತ್ತಿಕೊಂಡಿದ್ದರು. ಕಿಟಕಿಗಳಿಗೆ ಕಬ್ಬಿಣದ ಸರಳು. "ಹಿಂದಕ್ಕೆ ಸರೀರಿ! ಹಿಂದಕ್ಕೆ!" ಎಂದು ಅಪ್ಪ ಕೂಗಿದ್ದು ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಎದುರಿನ ತನ್ನ ಮರಗೆಲಸದ ಕೊಟ್ಟಡಿಯಿಂದ ಆಚಾರಿ ಕೊಡಲಿ ಹಿಡಿದು ಓಡಿಬಂದ. ತನ್ನ ಕೈಯಾರೆ ಮಾಡಿದ ಕದಕ್ಕೆ ತಾನೇ ಏಟು ಹಾಕತೊಡಗಿದ. ತಮ್ಮನ್ನು ಕಡಿಯಲು ಬಂದರೆಂದು ಒಳಗಿನವರು ಇನ್ನೂ ಜೋರಾಗಿ ಕಿರುಚಿದರು. ಅಪ್ಪ ಸೀಳಿದ ಹಲಗೆಗಳನ್ನು ಬರಿಗೈಯಲ್ಲಿ ಕೀಳುತ್ತಿದ್ದರು. ಅವರ ನಕ್ಷೆ ಜನರ ಕಾಲಡಿ ಹರಿದು ಹೋಗಿತ್ತು.

ಕದ ಮುರಿದದ್ದೇ, ಜನ ಹೊಗೆಯೊಂದಿಗೆ ಮೂಟೆಗಳಂತೆ ಹೊರಕ್ಕೆ ಉರುಳಿದರು. ಎಲ್ಲರಿಗಿಂತ ಕೆಳಗೆ ಹಾರ್ಮೋನಿಯಂ ಮೇಷ್ಟ್ರು ಬೋರಲು ಬಿದ್ದಿದ್ದರು. ಅವರನ್ನು ಎತ್ತಿದರೆ ಅವರ ಅಡಿಯಲ್ಲಿ ಅಕ್ಕ. ಅಕ್ಕ ಕೆಮ್ಮಿದಳು. ಮೇಷ್ಟ್ರು ಕೆಮ್ಮಲಿಲ್ಲ.

ಅಕ್ಕನ ಬಲಗೈಯ ಮೂರು ಬೆರಳು ಕದದ ಸಂದಿನಲ್ಲಿ ಜಜ್ಜಿ ಹೋಗಿದ್ದವು. ಅವು ಇಂದಿಗೂ ಮಡಚುವುದಿಲ್ಲ. ಆ ದಿನ ಅವಳು ಕೆಂಪು ಲಂಗ ಉಟ್ಟಿದ್ದಳೆಂದು ನಾನು ಇಷ್ಟು ವರ್ಷ ನಂಬಿದ್ದೆ. ಮೊನ್ನೆ ಫೋನಿನಲ್ಲಿ ಕೇಳಿದೆ. "ಬಿಳಿ ಲಂಗ ಕಣೋ," ಎಂದಳು.

ಆಚಾರಿ ಹೊಸ ಕದ ಮಾಡಿ, ಯಾರೂ ಹೇಳದೆ ಹೊರಕ್ಕೆ ತೆರೆಯುವಂತೆ ಕೂರಿಸಿದ. ಕೂಲಿ ಮುಟ್ಟಲಿಲ್ಲ. ಅಪ್ಪ ನಿವೃತ್ತರಾಗುವವರೆಗೂ ಪ್ರತಿ ಕಟ್ಟಡದಲ್ಲಿ ಬಾಗಿಲು ಕೂರಿಸುವ ದಿನ ತಾವೇ ಹೋಗಿ ನಿಲ್ಲುತ್ತಿದ್ದರು. "ಲಕ್ಷ್ಮೀನ ಆಚೆ ಹಾಕೋ ಇಂಜಿನಿಯರು ಬಂದ್ರು" ಎಂದು ಕೆಲಸದವರು ಆಡಿಕೊಂಡರೂ ಅವರು ಮತ್ತೆಂದೂ ಆ ಮಾತಿಗೆ ನಗಲಿಲ್ಲ.

ನಿಮ್ಮ ಲೋಕವೇ ಬೇರೆ ಮಕ್ಕಳೇ. ನಿಮ್ಮ ಶಾಲೆಯಲ್ಲಿ ಬೆಂಕಿಯ ಎಚ್ಚರಿಕೆ ಗಂಟೆ ಹೊಡೆದರೆ ಸಾಲಾಗಿ ಹೊರಬರುವ ಅಭ್ಯಾಸ ಮಾಡಿಸುತ್ತಾರೆ. ಪ್ರತಿ ಬಾಗಿಲ ಮೇಲೂ ಹೊರದಾರಿ ತೋರಿಸುತ್ತ ಓಡುವ ಹಸಿರು ಮನುಷ್ಯನಿದ್ದಾನೆ. ಕೆನಡಾದವನು ನೋಡಿದ್ದರೆ ಸಂತೋಷಪಡುತ್ತಿದ್ದ. ಆದರೂ ಕಳೆದ ಶುಕ್ರವಾರ ನಮ್ಮ ಕನ್ನಡಿಗರ ಕಾರ್ಯಕ್ರಮಕ್ಕೆ ಹೋದಾಗ, ಆ ಹಸಿರು ಮನುಷ್ಯನ ಕೆಳಗೆ, ಬಾಗಿಲಿಗೆ ಅಡ್ಡವಾಗಿ ನೀರಿನ ಬಾಟಲಿಗಳ ಪೆಟ್ಟಿಗೆಗಳನ್ನು ಎದೆಯೆತ್ತರ ಪೇರಿಸಿದ್ದರು. ನಾನು ಒಂದೊಂದೇ ಇಳಿಸತೊಡಗಿದೆ.

"ಅಂಕಲ್, ಮಾಫಿ ಪ್ರಾಬ್ಲಂ, ಏನೂ ತೊಂದ್ರೆ ಇಲ್ಲ, ಪ್ರೋಗ್ರಾಂ ಆದ್ಮೇಲೆ ತೆಗೆಸ್ತೀವಿ," ಎಂದ ಕಾರ್ಯಕರ್ತ.

ಪ್ರಾರ್ಥನೆಗೆ ವೇದಿಕೆ ಹತ್ತಬೇಕಿದ್ದ ಮೊಮ್ಮಗಳು ರೇಷ್ಮೆ ಲಂಗ ಎತ್ತಿಕಟ್ಟಿ ಬಂದಳು. "ಯಲ್ಲಾ ತಾತ, ಬನ್ನಿ ಬೇಗ, ಆ ಕಡೆ ನೀವು ಹಿಡೀರಿ." ಇಬ್ಬರೂ ಎಲ್ಲ ಪೆಟ್ಟಿಗೆಗಳನ್ನು ಸರಿಸಿದೆವು. ಮೈಕಿನಲ್ಲಿ ಅವಳ ಹೆಸರು ಎರಡನೇ ಬಾರಿ ಕರೆದರು. ಅವಳು ಹೋಗಲಿಲ್ಲ. ಬಾಗಿಲಿನ ಅಡ್ಡಪಟ್ಟಿಯನ್ನು ಎರಡೂ ಕೈಯಿಂದ ಒತ್ತಿದಳು. ಬಾಗಿಲು ಹೊರಕ್ಕೆ ತೆರೆದು, ಮರಳಿನ ವಾಸನೆಯ ಬಿಸಿಗಾಳಿ ನಮ್ಮ ಮುಖಕ್ಕೆ ಬಡಿಯಿತು.

"ತೆಗೀತು ತಾತ. ಈಗ ಹಾಡ್ಲಾ?"